ಸ್ಪಷ್ಟನೆ: 15 ಹಡಗು, ಜಗತ್ತಿನ ಎಲ್ಲ ಕಾರುಗಳ ಹೊಗೆ?

ಗಂಗಾವತಿಯ ಅಕ್ಕಿ ಗಿರಣಿಯವರ, ಬಳ್ಳಾರಿಯ ಜೀನ್ಸ್ ತಯಾರಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 15 ದೊಡ್ಡ ಹಡಗುಗಳು ಜಗತ್ತಿನ ಎಲ್ಲ ಕಾರುಗಳಷ್ಟು ಹೊಗೆ ಬಿಡುತ್ತವಂತೆ. ಹಾಗಾಗಿ ಹಸಿರು ಸಾಗಣೆಗೆ ದುಡ್ಡು ಕೊಡುವುದು, ಅಂದರೆ ಜೈವಿಕ ಇಂಧನ ಸುಡಲು ಹಡಗು ಕಂಪನಿ ಕೇಳುವ ಹೆಚ್ಚುವರಿ ಹಸಿರು ಶುಲ್ಕ ಕಟ್ಟುವುದು, ಸುಮ್ನೆ ದಂಡವಂತೆ.

ಈ ಹೋಲಿಕೆ ಗಂಧಕದ ಹೊಗೆಯದ್ದು, ಇಂಗಾಲದ್ದಲ್ಲ. ಅದೂ ಹಳೆಯದು. ಮೊದಲು ಹಡಗಿನ ಎಣ್ಣೆಯಲ್ಲಿ ಶೇ 3.5ರವರೆಗೆ ಗಂಧಕ ಇರಬಹುದಿತ್ತು. 2020ರ ಜನವರಿ 1ರಿಂದ ಆ ಮಿತಿ ಶೇ 0.5. ಇದಕ್ಕಿಂತ ಹೆಚ್ಚು ಗಂಧಕದ ಎಣ್ಣೆ ಸುಡುವ ಹಡಗು ಹೊಗೆ ತೊಳೆಯುವ ಯಂತ್ರ ಇಟ್ಟುಕೊಳ್ಳಲೇಬೇಕು.

ಹಸಿರುಮನೆ ಅನಿಲಗಳಲ್ಲಿ ಹಡಗು ಸಾರಿಗೆಯ ಪಾಲು ಶೇ 3ರ ಆಸುಪಾಸು. ಅದೇನು ಕಮ್ಮಿಯಲ್ಲ. ಆದರೆ ಅದೇ ಸರಕು ವಿಮಾನ ಹತ್ತಿದರೆ ಹತ್ತಾರು ಪಟ್ಟು ಜಾಸ್ತಿ ಇಂಗಾಲ. ಕೊನೇ ಗಳಿಗೆಯಲ್ಲಿ ವಿಮಾನಕ್ಕೆ ಓಡದಂತೆ ಆರ್ಡರ್ ಮುಗಿಸುವುದು, ಕಂಟೇನರ್ ಪೂರ್ತಿ ತುಂಬಿಸುವುದು, ಬಂದರಿನವರೆಗೆ ಆದಷ್ಟು ರೈಲಿನಲ್ಲಿ ಕಳಿಸುವುದು: ಇವಕ್ಕೆ ಹಸಿರು ಶುಲ್ಕ ಬೇಕಿಲ್ಲ.

ಇನ್ನು ಹಸಿರು ಶುಲ್ಕ. ಶುಲ್ಕ ಕೊಟ್ಟರೆ ನಮ್ಮ ಕಂಟೇನರ್ ಆ ಜೈವಿಕ ಇಂಧನದ ಹಡಗಿನಲ್ಲೇ ಹೋಗಬೇಕಲ್ವಾ ಅಂತ ಹಲವರು ಕೇಳುತ್ತಾರೆ. ಸಾಮಾನ್ಯವಾಗಿ ಹಾಗಿಲ್ಲ. ಕಂಪನಿ ಜೈವಿಕ ಇಂಧನವನ್ನು ತನ್ನ ಯಾವುದೋ ಹಡಗಿನಲ್ಲಿ ಸುಡುತ್ತದೆ, ಅದರಿಂದ ಕಡಿಮೆಯಾದ ಇಂಗಾಲವನ್ನು ನಿಮ್ಮ ಲೆಕ್ಕಕ್ಕೆ ಬರೆಯುತ್ತದೆ. ಇದು ಮೋಸವಲ್ಲ. ಆದರೆ ಹೊರಗಿನವರು ಪರಿಶೀಲಿಸಿದ ಪ್ರಮಾಣಪತ್ರ ಕೇಳಿ ಪಡೆಯಿರಿ. ಇಂಧನ ಕರಿದು ಬಿಟ್ಟ ಹಳೆಯ ಎಣ್ಣೆಯಿಂದ ಬಂದದ್ದೋ, ಹೊಸ ತಾಳೆ ಎಣ್ಣೆಯಿಂದಲೋ ಅಂತಲೂ ಕೇಳಿ.

ಯುರೋಪಿಗೆ ಕಳಿಸುವವರಿಗೆ ಇನ್ನೊಂದು ಮಾತು: 2024ರಿಂದ ಅಲ್ಲಿನ ಬಂದರುಗಳಿಗೆ ಹೋಗುವ ದೊಡ್ಡ ಹಡಗುಗಳು ಇಂಗಾಲಕ್ಕೆ ಬೆಲೆ ತೆರಬೇಕು. ಬಿಲ್ಲಿನಲ್ಲಿ ಆ ಸಾಲು ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಅದು ಹಸಿರು ಶುಲ್ಕವಲ್ಲ.