‘ಪರವಾಗಿಲ್ಲ’ ಎನ್ನಲು ಬೇಕಾದ ದಾಖಲೆಗಳು

ಗಾಂಧಿ ಬಜಾರಿನ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ, ಹಾಲಿವುಡ್ಡಿನ ಬಾಹ್ಯಾಕಾಶ ಸಾಹಸದ ಸರಣಿಯಲ್ಲೊಂದಾದ ‘ಸ್ಟಾರ್ ವಾರ್ಸ್: ದಿ ಲಾಸ್ಟ್ ಜೇಡೈ’ ನನಗೆ ಪರವಾಗಿಲ್ಲ ಅನ್ನಿಸಿತ್ತು ಎಂದು ಅಣ್ಣನ ಮಗನೆದುರು ಬಾಯಿಬಿಟ್ಟದ್ದೇ ತಪ್ಪಾಯಿತು. 2017ರ ಡಿಸೆಂಬರಿನಲ್ಲಿ ಬಂದುಹೋದ ಚಿತ್ರವೊಂದಕ್ಕಾಗಿ ಇಷ್ಟು ವರ್ಷಗಳ ಮೇಲೂ ಮನುಷ್ಯನ ಕೈಯಲ್ಲಿನ ಲೋಟ ನಡುಗಬಹುದೆಂದು ನಾನು ಎಣಿಸಿರಲಿಲ್ಲ. “ಚಿಕ್ಕಪ್ಪ, ಹಿಂದಿನವನ್ನೆಲ್ಲ ನೋಡಿದ್ದೀರಾ?” ಎಂದ. ಎರಡನ್ನು ನೋಡಿದ್ದೇನೆ, ಅದರಲ್ಲೊಂದಕ್ಕೆ ಅರ್ಧದಲ್ಲೇ ನಿದ್ದೆ ಹತ್ತಿತ್ತು ಎಂದು ಒಪ್ಪಿಕೊಂಡೆ. “ಹಾಗಾದರೆ ಇದರ ಬಗ್ಗೆ ನೀವು ಮಾತಾಡುವ ಹಾಗಿಲ್ಲ ಬಿಡಿ” ಎಂದುಬಿಟ್ಟ.

ಈ ಊರಿನಲ್ಲಿ ಖಾತೆ ಮಾಡಿಸಿಕೊಳ್ಳಲು ಮೂಲಪತ್ರ, ಇಸಿ, ಕಂದಾಯದ ರಸೀದಿ ಬೇಕೆಂಬುದು ನನಗೆ ಗೊತ್ತಿತ್ತು. ಒಂದು ಸಿನಿಮಾ ಪರವಾಗಿಲ್ಲ ಎನ್ನುವುದಕ್ಕೂ, ಸರಣಿಯ ಮೊದಲ ಚಿತ್ರ ಬಂದ 1977ರಿಂದೀಚಿನ ದಾಖಲೆಗಳನ್ನು ಹಾಜರುಪಡಿಸಬೇಕೆಂಬುದು ಗೊತ್ತಿರಲಿಲ್ಲ.

ಅವನ ಮೊದಲ ದೂರು ಸರಣಿಯ ಹಳೆಯ ನಾಯಕ ಲ್ಯೂಕ್ ಸ್ಕೈವಾಕರನ ಮೇಲೆ. ಹುಡುಗಿಯೊಬ್ಬಳು ಬೆಳಕಿನ ಖಡ್ಗವನ್ನು ಭಕ್ತಿಯಿಂದ ಕೈಗಿತ್ತರೆ, ಮಹಾನುಭಾವ ಅದನ್ನು ಎಂಜಲೆಲೆಯಂತೆ ಹೆಗಲ ಮೇಲಿಂದ ಹಿಂದಕ್ಕೆಸೆಯುತ್ತಾನೆ. ಶಿಷ್ಯನೇ ತಿರುಗಿಬಿದ್ದ ಮೇಲೆ ಗುರು ದ್ವೀಪ ಸೇರಿ ಕದವಿಕ್ಕಿಕೊಂಡದ್ದರಲ್ಲಿ ನನಗಂತೂ ಅಸಹಜವೇನೂ ಕಾಣಲಿಲ್ಲ. ನಮ್ಮ ಬಡಾವಣೆಯ ಸಂಘದ ಮಾಜಿ ಕಾರ್ಯದರ್ಶಿಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಕನಕಪುರ ರಸ್ತೆಯ ತೋಟ ಸೇರಿದ್ದಾರೆ. ಆ ದ್ವೀಪದಲ್ಲಿ ಲ್ಯೂಕ್ ಯಾವುದೋ ದೈತ್ಯ ಪ್ರಾಣಿಯ ಕೆಚ್ಚಲು ಹಿಂಡಿ ಹಸಿರು ಹಾಲು ಕುಡಿಯುತ್ತಾನೆ. ಮೊದಲ ಚಿತ್ರದಲ್ಲಿ ಅವನು ಕುಡಿದಿದ್ದ ಹಾಲು ನೀಲಿಯದಂತೆ. ನಮ್ಮ ಮನೆಯಲ್ಲಿ ನೀಲಿ ಪ್ಯಾಕೆಟ್ ಸಿಗದ ದಿನ ಹಸಿರು ಪ್ಯಾಕೆಟ್ ಬರುತ್ತದೆ, ಯಾರೂ ಪಾತ್ರಪೋಷಣೆ ಕೆಟ್ಟಿತೆಂದು ಅತ್ತಿಲ್ಲ ಎಂದೆ. ಅವನು ನಗಲಿಲ್ಲ.

ನಿಜ ಹೇಳಬೇಕೆಂದರೆ, ಆ ಚಿತ್ರ ನನಗೆ ಹಿಡಿಸಿದ್ದು ಬೆಂಗಳೂರಿಗನಾದ ಕಾರಣಕ್ಕೆ. ಒಳ್ಳೆಯವರ ಹಡಗುಗಳು ಮುಂದೆ, ಕೆಟ್ಟವರ ಹಡಗುಗಳು ಹಿಂದೆ. ಇವರು ತಪ್ಪಿಸಿಕೊಳ್ಳುವುದಿಲ್ಲ, ಅವರು ಹಿಡಿಯುವುದಿಲ್ಲ, ಇಂಧನ ಮಾತ್ರ ಖರ್ಚಾಗುತ್ತಲೇ ಇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಬಾಹ್ಯಾಕಾಶದಲ್ಲಿ ಇಷ್ಟು ಶ್ರದ್ಧೆಯಿಂದ ಚಿತ್ರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ನಡುವೆ ಇಬ್ಬರು ಹಡಗಿನಿಂದ ಜಾರಿಕೊಂಡು ಬೇರೊಂದು ಗ್ರಹದ ಜೂಜುಕಟ್ಟೆಗೆ ಹೋಗಿಬರುತ್ತಾರೆ. ಬರುವ ಹೊತ್ತಿಗೂ ಬೆನ್ನಟ್ಟುವಿಕೆ ಮುಗಿದಿರುವುದಿಲ್ಲ. ಹೊರವರ್ತುಲ ರಸ್ತೆಯಲ್ಲಿ ಬಸ್ಸಿಳಿದು ಕಾಫಿ ಕುಡಿದು ಮತ್ತೆ ಅದೇ ಬಸ್ ಹತ್ತಿದವರಿಗೆ ಇದೇನು ಹೊಸದೇ? ಅಲ್ಲಿ ಆ ಇಬ್ಬರನ್ನು ಬಂಧಿಸಿದ್ದಾದರೂ ಯಾವ ಅಪರಾಧಕ್ಕೆ? ಕಂಡಲ್ಲಿ ವಾಹನ ನಿಲ್ಲಿಸಿದ್ದಕ್ಕೆ! ಜೂಜುಕಟ್ಟೆಯ ಭಾಗ ಎಳೆದಾಟವೆಂಬುದನ್ನು ಒಪ್ಪುತ್ತೇನೆ, ಆದರೆ ಆ ಒಂದು ಕ್ಷಣಕ್ಕೆ ನಾನು ಮನಸಾರೆ ಚಪ್ಪಾಳೆ ತಟ್ಟಿದ್ದೆ.

ಇನ್ನೊಂದು ಕ್ಷಣವೂ ನೆನಪಿದೆ. ಸೇನಾಧಿಕಾರಿಣಿಯೊಬ್ಬಳು ತನ್ನ ಹಡಗನ್ನು ಶತ್ರುಗಳ ಹಡಗಿಗೇ ನುಗ್ಗಿಸಿದಾಗ ಶಬ್ದವೆಲ್ಲ ನಿಂತುಹೋಗುತ್ತದೆ. ಪಕ್ಕದ ಸೀಟಿನವರ ಕೈ ಪಾಪ್‌ಕಾರ್ನ್ ಡಬ್ಬದೊಳಗೇ ಉಳಿದಿತ್ತು. ಅಷ್ಟು ದುಡ್ಡು ತೆತ್ತ ಪಾಪ್‌ಕಾರ್ನನ್ನು ಮರೆಯುವುದೆಂದರೆ ಸಾಮಾನ್ಯವಲ್ಲ. ಇದು ಸಾಧ್ಯವಿದ್ದರೆ ಹಿಂದಿನ ಯುದ್ಧಗಳಲ್ಲೇ ಯಾಕೆ ಮಾಡಲಿಲ್ಲ ಎಂದು ಹುಡುಗ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ, ನನ್ನಲ್ಲಿ ಉತ್ತರವಿರಲಿಲ್ಲ.

ನಾಯಕಿ ರೇಯ ತಂದೆ ತಾಯಿ ಯಾರೂ ಅಲ್ಲ, ಕುಡಿತದ ಕಾಸಿಗೆ ಮಗಳನ್ನು ಮಾರಿದವರು ಎಂದು ಈ ಚಿತ್ರ ಹೇಳಿತು. ಅದು ಅನೇಕರಿಗೆ ಸಹಿಸಲಾರದ ಅವಮಾನವಾಯಿತು. 2019ರ ಮುಂದಿನ ಭಾಗದಲ್ಲಿ ಆಕೆ ಸರಣಿಯ ಹಳೆಯ ಖಳನಾಯಕ, ಚಕ್ರವರ್ತಿ ಪಾಲ್ಪಟೀನನ ಮೊಮ್ಮಗಳೆಂದು ಸಾಬೀತಾಗಿ ಲೋಕ ಸರಿದಾರಿಗೆ ಬಂತು. ತಾತ ಯಾರೆಂದು ತಿಳಿಯದೆ ಒಬ್ಬರಿಗೆ ಚುನಾವಣೆಯ ಟಿಕೆಟ್ ಕೊಡುವ ಪದ್ಧತಿ ನಮ್ಮ ಕರ್ನಾಟಕದಲ್ಲೇ ಇಲ್ಲದಿರುವಾಗ, ನಕ್ಷತ್ರಪುಂಜಗಳಲ್ಲಿ ಇರಲಿ ಎಂದು ಹೇಗೆ ತಾನೇ ನಿರೀಕ್ಷಿಸುವುದು?

ಚಿತ್ರವನ್ನು ಅಧಿಕೃತ ಕಥೆಯಿಂದಲೇ ಕಿತ್ತುಹಾಕಿ ಎಂಬ ಮನವಿಗೆ ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದರು. ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ; ಉಳಿದ ನಾಲ್ವರ ಅಭಿಮಾನಿಗಳು ಸಹಿ ಸಂಗ್ರಹಿಸದೆ ಹೋದದ್ದು ಕನ್ನಡದ ಪುಣ್ಯ.

ಇಷ್ಟರವರೆಗೆ ನಗಬಹುದು. ರೋಸ್ ಎಂಬ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಎಂಬ ನಟಿಯನ್ನು ಆಕೆಯ ಜನಾಂಗ ಹಿಡಿದು, ರೂಪ ಹಿಡಿದು ತಿಂಗಳುಗಟ್ಟಲೆ ಹೀಯಾಳಿಸಿದರು. 2018ರ ಜೂನಿನಲ್ಲಿ ಆಕೆ ಇನ್‌ಸ್ಟಾಗ್ರಾಮಿನಲ್ಲಿದ್ದ ತನ್ನದೆಲ್ಲವನ್ನೂ ಅಳಿಸಿಹಾಕಿದರು. ಬರೆದುಕೊಟ್ಟ ಮಾತನ್ನು ಆಡಿದ್ದಷ್ಟೇ ಆಕೆಯ ಅಪರಾಧ. ಬಾಲ್ಯದ ನೆನಪು ಕೆಟ್ಟಿತೆಂದು ದೊಡ್ಡವರು ಹುಡುಗಿಯೊಬ್ಬಳ ಬದುಕಿಗೆ ಕೈಹಾಕುವುದು ಅಭಿಮಾನವಲ್ಲ, ಪುಂಡತನ. ಅದಕ್ಕೆ ಬೇರೆ ಮಾತು ಹುಡುಕುವ ಸಹನೆ ನನಗಿಲ್ಲ.

ಇದನ್ನು ಹೇಳಿದಾಗ ಹುಡುಗ ತುಸು ಹೊತ್ತು ಸುಮ್ಮನಿದ್ದ. “ಅದು ತಪ್ಪು ಚಿಕ್ಕಪ್ಪ” ಎಂದ. ಆಮೇಲೆ, ನಾನು ಎಲ್ಲವನ್ನೂ ಕ್ರಮವಾಗಿ ನೋಡಲೆಂದು ಮೊಬೈಲಿಗೊಂದು ಪಟ್ಟಿ ಕಳಿಸಿದ. ಅದು ನಾಲ್ಕನೆಯ ಭಾಗದಿಂದ ಶುರುವಾಗಿತ್ತು. ಒಂದು ಎಲ್ಲಿ ಹೋಯಿತೆಂದು ಕೇಳುವಷ್ಟರಲ್ಲಿ, ಪಕ್ಕದ ಮೇಜಿನಲ್ಲಿ ಖಾರಾಬಾತ್ ತಿನ್ನುತ್ತಿದ್ದ ಅಪರಿಚಿತ ಯುವಕನೊಬ್ಬ ತಿರುಗಿ, “ಸಾರ್, ಅದು ತಪ್ಪು, ಒಂದರಿಂದಲೇ ನೋಡಿ” ಎಂದ. ಅವರಿಬ್ಬರನ್ನು ಅಲ್ಲೇ ಬಿಟ್ಟು ನಾನು ಕೈ ತೊಳೆಯಲು ಹೋದೆ.