ಹಾಸನಕ್ಕೆ ಅಕ್ಷರ ಎಷ್ಟು?

ಎಕ್ಸೆಲ್‌ನಲ್ಲಿ ‘ಹಾಸನ’ ಎಂದು ಬರೆದು ಲೆನ್ ಫಾರ್ಮುಲಾದಿಂದ ಅಳೆದರೆ 4 ಅನ್ನುತ್ತದೆ. ಇರಲಿ, ದೀರ್ಘವನ್ನೂ ಬಿಡಿಯಾಗಿ ಎಣಿಸುವುದು ಅದರ ಜಾಯಮಾನ. ಮ್ಯಾಕ್ರೋ (ಎಕ್ಸೆಲ್‌ಗೆ ಕೆಲಸ ಹೇಳುವ ಪುಟ್ಟ ಪ್ರೋಗ್ರಾಂ) ಕೈಯಾಡಿಸಿದ ಶೀಟಿನಲ್ಲಿ ಅದೇ ಹಾಸನ ಕೆಲವೊಮ್ಮೆ 6 ಆಗಿರುತ್ತದೆ. ಹೆಚ್ಚಿನದೇನೂ ಕಣ್ಣಿಗೆ ಕಾಣದು. ಆದರೂ ಪಟ್ಟಿಯಲ್ಲಿ ಹುಡುಕಿಕೊಡುವ ವಿಲುಕಪ್ ಮಾತ್ರ ಅಂಥ ಊರೇ ಇಲ್ಲ ಎಂದು ಹಟ ಹಿಡಿಯುತ್ತದೆ.

ಹೆಚ್ಚಾದವು ಕಣ್ಣಿಗೆ ಕಾಣದ ಎರಡು ಅಕ್ಷರ, ಕಂಪ್ಯೂಟರಿನಲ್ಲಿ ಅವುಗಳ ಸಂಕೇತ ಸಂಖ್ಯೆ 13 ಮತ್ತು 10. ಟೆಲಿಪ್ರಿಂಟರ್ ಕಾಲದ ಜೋಡಿ: ಸಾಲಿನ ಆರಂಭಕ್ಕೆ ಮರಳಲು 13, ಕಾಗದವನ್ನು ಒಂದು ಸಾಲು ಸರಿಸಲು 10. ವಿಂಡೋಸ್ ಈ ದಂಪತಿಯನ್ನು ಇನ್ನೂ ಒಟ್ಟಿಗೇ ಇಟ್ಟುಕೊಂಡಿದೆ. ಎಕ್ಸೆಲ್ ಸೆಲ್‌ಗೆ 10 ಒಂದೇ ಸಾಕು. ಆಲ್ಟ್ ಎಂಟರ್ ಒತ್ತಿದಾಗ ಬೀಳುವುದೂ ಅದೇ. ಹಾಗಾಗಿ ಸೆಲ್‌ಗೆ ಬರೆಯುವ ಮ್ಯಾಕ್ರೋದಲ್ಲಿ 10 ಒಂದನ್ನೇ ಹಾಕುವ ‘ವಿಬಿಎಲ್‌ಎಫ್’ ಬಳಸಬೇಕು. ಜೋಡಿಯನ್ನೇ ಹಾಕುವ ‘ವಿಬಿಸಿಆರ್‌ಎಲ್‌ಎಫ್’ ಹಾಕಿದರೆ 13 ಕರೆಯದೆ ಬಂದ ನೆಂಟನಂತೆ ಸೆಲ್‌ನಲ್ಲೇ ಉಳಿಯುತ್ತದೆ. ಮೆಸೇಜ್ ಬಾಕ್ಸ್‌ನಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ, ಅದಕ್ಕೆ ಎರಡೂ ಒಂದೇ.

ಟ್ರಿಮ್ ಹಾಕಿದರೆ ಹೋಗುತ್ತದಲ್ಲ ಎನ್ನುವವರುಂಟು. ಹೋಗುವುದಿಲ್ಲ, ಟ್ರಿಮ್ ಕತ್ತರಿಸುವುದು ಖಾಲಿ ಜಾಗವನ್ನಷ್ಟೇ. ಕ್ಲೀನ್ ಫಾರ್ಮುಲಾ ಮಾತ್ರ ಎಷ್ಟು ಚೊಕ್ಕವೆಂದರೆ, ಮೂರು ಸಾಲಿನ ವಿಳಾಸದಿಂದ 13, 10 ಎರಡನ್ನೂ ಗುಡಿಸಿ, ‘ಗಾಂಧಿಬಜಾರ್‌ಬೆಂಗಳೂರು560004’ ಎಂದು ಒಂದೇ ಉಸಿರಿನಲ್ಲಿ ಹೇಳಿಸುತ್ತದೆ.

ಸಾಲುಗಳನ್ನು ಬಿಡಿಸುವಾಗ ಎಡವಟ್ಟು ಉಲ್ಟಾ. ಆಲ್ಟ್ ಎಂಟರ್‌ನಿಂದ ಬರೆದ ವಿಳಾಸವನ್ನು ಮ್ಯಾಕ್ರೋದಲ್ಲಿ 13-10 ಜೋಡಿಯನ್ನು ಗುರುತಾಗಿ ಕೊಟ್ಟು ಸ್ಪ್ಲಿಟ್ (ತುಂಡರಿಸುವ ಆಜ್ಞೆ) ಮಾಡಿದರೆ ಇಡೀ ವಿಳಾಸ ಒಂದೇ ತುಂಡಾಗಿ ವಾಪಸು ಬರುತ್ತದೆ. ಎಲ್ಲಿಂದ ಬಂದ ಪಠ್ಯವೋ ಗೊತ್ತಿಲ್ಲದಿದ್ದರೆ ಮೊದಲು ಜೋಡಿಯನ್ನು 10ಕ್ಕೆ ಬದಲಿಸಿ, ಆಮೇಲೆ ಒಂಟಿಯಾಗಿ ಉಳಿದ 13 ಅನ್ನೂ 10 ಮಾಡಿ, ಕೊನೆಗೆ ಸ್ಪ್ಲಿಟ್. ಕ್ರಮ ಅದಲುಬದಲಾದರೆ ಜೋಡಿಯಿದ್ದ ಕಡೆಯೆಲ್ಲ ಎರಡೆರಡು 10 ಆಗಿ, ಸಾಲುಗಳ ನಡುವೆ ಖಾಲಿ ಸಾಲು ಹುಟ್ಟುತ್ತವೆ.

ಇನ್ನು ಫಾರ್ಮುಲಾದಲ್ಲಿ 10 ಅನ್ನು ಹಾಕುವ ಚಾರ್ 10 ಸೇರಿಸಿಯೂ ಎಲ್ಲ ಒಂದೇ ಸಾಲಿನಲ್ಲಿ ಕಂಡರೆ ರ‍್ಯಾಪ್ ಟೆಕ್ಸ್ಟ್ (ಸೆಲ್‌ನೊಳಗೆ ಸಾಲು ಮುರಿದು ತೋರಿಸುವ ಆಯ್ಕೆ) ಆನ್ ಮಾಡಿ, ಅಷ್ಟೇ. ಹಲವನ್ನು ಕೂಡಿಸಿ ಮರ್ಜ್ ಮಾಡಿದ ಸೆಲ್ ಆದರೆ ಎತ್ತರವನ್ನು ತಾನೇ ಹೊಂದಿಸುವ ಆಟೋಫಿಟ್ ತಿರುಗಿಯೂ ನೋಡುವುದಿಲ್ಲ. ಸಾಲಿನ ಎತ್ತರವನ್ನು ಕೈಯಲ್ಲೇ ಎಳೆಯಬೇಕು.

ಮ್ಯಾಕ್ರೋ ಬೇಡವೆನ್ನುವವರು ಫೈಂಡ್ ಬಾಕ್ಸ್‌ನಲ್ಲಿ ಕಂಟ್ರೋಲ್ ಜೆ ಒತ್ತಿ 10 ಅನ್ನು ಹುಡುಕಬಹುದು. ಬಾಕ್ಸ್ ಖಾಲಿಯಿದ್ದಂತೆಯೇ ಕಾಣುವುದರಿಂದ ಒತ್ತಿದೆನೋ ಇಲ್ಲವೋ ಎಂದು ಮತ್ತೆ ಒತ್ತುತ್ತಾರೆ. ಆಗ ಎಕ್ಸೆಲ್ ಒಟ್ಟಿಗಿರುವ ಎರಡನ್ನು ಹುಡುಕುತ್ತ ಹೋಗಿ ಬರಿಗೈಯಲ್ಲಿ ಬರುತ್ತದೆ. ಕೆಲಸ ಮುಗಿದ ಮೇಲೂ ಆ 10 ಅದೇ ಬಾಕ್ಸ್‌ನಲ್ಲೇ ಕೂತಿರುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿ ಎಬ್ಬಿಸದೆ ಅದರ ಪಕ್ಕ ‘ಹಾಸನ’ ಬರೆದು ಹುಡುಕಿದರೆ, ಶೀಟಿನ ತುಂಬ ಹಾಸನವಿದ್ದರೂ ಒಂದೂ ಸಿಗುವುದಿಲ್ಲ.