ಬೆಳಕು ಮೀನುಗಾರಿಕೆಗೆ ಅನುಮತಿ ಬೇಕೇ?

ಕುಂದಾಪುರದ ಕೋಡಿಯಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರೇ ಕಾಣುತ್ತದೆ. ನಡುವೆ ಪಂಚಗಂಗಾವಳಿಯ ಅಳಿವೆ ಇರುವುದರಿಂದ ರಸ್ತೆಯಲ್ಲಿ ಹೋಗುವವರು ಮಾತ್ರ ತ್ರಾಸಿಯನ್ನು ಬಳಸಿಕೊಂಡು ಹೋಗಬೇಕು. ಕಡಲಿಗೂ ಹೊಳೆಗೂ ನಡುವೆ ಇರುವ ಗಂಗೊಳ್ಳಿಯಲ್ಲಿ ದಕ್ಕೆಗೆ, ಅಂದರೆ ಬೋಟುಗಳು ನಿಲ್ಲುವ ಕಟ್ಟೆಗೆ, ಮೀನು ಬಂದರೆ ಐಸ್ ಪ್ಲಾಂಟ್‌ನಿಂದ ಕಿರಾಣಿ ಅಂಗಡಿಯವರೆಗೆ ಎಲ್ಲರ ಕೈಯಲ್ಲೂ ಕಾಸು ಓಡಾಡುತ್ತದೆ. ಕೃತಕ ಬೆಳಕು ಬಳಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆ ನಿಷೇಧ ತೆಗೆದು ಅನುಮತಿ ಕೊಡಬೇಕೇ ಎಂಬ ಪ್ರಶ್ನೆಗೆ ಇಂಥ ಊರುಗಳಲ್ಲಿ ಇಂದಿಗೂ ಎರಡು ಉತ್ತರಗಳಿವೆ.

ಪರ

ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟೊಂದು ಕಡಲಿಗಿಳಿದರೆ ಅದರಲ್ಲಿ ದುಡಿಯುವ ಇಪ್ಪತ್ತೈದು ಮೂವತ್ತು ಮಂದಿ ಕಲಾಸಿಗಳ ಮನೆಗಳು ಅದನ್ನೇ ನೆಚ್ಚಿಕೊಂಡಿರುತ್ತವೆ. ಡೀಸೆಲ್ ಮತ್ತು ಐಸಿನ ಖರ್ಚು ಕಳೆದು ಉಳಿದದ್ದರಲ್ಲೇ ಅವರ ಪಾಲು ಬರಬೇಕಾದ್ದರಿಂದ, ಮೀನಿನ ಹಿಂಡನ್ನು ಹುಡುಕುತ್ತ ದಿನವಿಡೀ ಅಲೆದು ಬರಿಗೈಯಲ್ಲಿ ಮರಳಿದ ಬೋಟಿನಿಂದ ಮಾಲೀಕನಿಗೆ ಸಾಲ, ಕಲಾಸಿಗೆ ಶೂನ್ಯ. ಬೆಳಕು ಮೀನನ್ನು ತನ್ನತ್ತ ಸೆಳೆದು ಈ ಅಲೆದಾಟವನ್ನು ತಪ್ಪಿಸುತ್ತದೆ. ಜಪಾನಿನಲ್ಲಿ ದೀಪ ಹಚ್ಚಿ ಬೊಂಡಾಸ್ (ಸ್ಕ್ವಿಡ್) ಹಿಡಿಯುವುದು ಪರವಾನಗಿಗೆ ಒಳಪಟ್ಟ ಕಸುಬು. ನಮ್ಮಲ್ಲಿಯೂ ದೀಪದ ಶಕ್ತಿಗೆ, ಬಲೆಯ ಕಣ್ಣಿಗೆ, ದಡದಿಂದ ಇರಬೇಕಾದ ದೂರಕ್ಕೆ ಮಿತಿ ಹಾಕಿ ಅನುಮತಿ ಕೊಡಬಹುದು.

ವಿರೋಧ

ಕಲಾಸಿಯ ಕಷ್ಟ ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಆ ದೀಪದಡಿ ನಡೆಯುವುದೇನು ಎಂಬುದನ್ನು ನೋಡಬೇಕು. ಜನರೇಟರ್ ಚಾಲೂ ಮಾಡಿ ಕತ್ತಲ ನೀರಿನ ಮೇಲೆ ಬೆಳಕು ಚೆಲ್ಲಿದರೆ ಮೊದಲು ಬರಿಗಣ್ಣಿಗೆ ಕಾಣದ ಜೀವಿಗಳು, ಅವುಗಳನ್ನು ತಿನ್ನಲು ಮರಿಮೀನುಗಳು, ಅವುಗಳ ಬೆನ್ನಿಗೆ ಬೊಂಡಾಸ್, ಬಂಗುಡೆ, ಹೀಗೆ ಸುತ್ತಲಿನ ನೀರಿನ ಸಂಸಾರವೆಲ್ಲ ಒಂದೆಡೆ ಸೇರುತ್ತದೆ. ಬಲೆ ಸುತ್ತುವರಿದ ಮೇಲೆ ಮರಿ ಯಾವುದು, ಬೆಳೆದದ್ದು ಯಾವುದು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ತಿನ್ನಲು ಬಾರದಷ್ಟು ಸಣ್ಣ ಮೀನು ಅಗ್ಗದ ದರಕ್ಕೆ ಮೀನಿನ ಹುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆ ಸೇರುತ್ತದೆ.

ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ ಮೀನು (ಸಾರ್ಡೀನ್) 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿಯಿತು. ಅದಕ್ಕೆ ಬೆಳಕೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ, ಕಡಲಿನ ವಾತಾವರಣದ ಪಾತ್ರ ಅದರಲ್ಲಿ ದೊಡ್ಡದು. ಆದರೆ ತಾನಾಗಿಯೇ ಇಷ್ಟು ಏರಿಳಿಯುವ ಮೀನಿನ ಮರಿಗಳನ್ನೂ ಬಾಚಿದರೆ ಅದು ಚೇತರಿಸಿಕೊಳ್ಳುವುದು ಹೇಗೆ?

ಮಿತಿ ಹಾಕಿ ಅನುಮತಿ ಕೊಡೋಣ ಎಂಬ ಮಾತನ್ನು ನಾನು ಒಪ್ಪಲಾರೆ. ನಿಷೇಧವಿದ್ದಾಗಲೂ ಕಡಲಿನಲ್ಲಿ ದೀಪಗಳು ಉರಿಯುತ್ತವೆ. ಹಾಗಿರುವಾಗ ದಡದಿಂದ 12 ನಾಟಿಕಲ್ ಮೈಲಿಯ (ಸುಮಾರು 22 ಕಿ.ಮೀ.) ಆಚೆ ನಡುರಾತ್ರಿಯಲ್ಲಿ ದೀಪದ ವ್ಯಾಟ್ ಅಳೆಯುವವರು ಯಾರು? ನಾಡದೋಣಿಯವನು ಅಷ್ಟು ದೂರ ಹೋಗಲಾರ, ಮೀನೇ ಅವನಿದ್ದಲ್ಲಿಗೆ ಬರಬೇಕು. ಕೈರಂಪಣಿಯವರ ಪಾಡೂ ಅದೇ. ದಡದಲ್ಲಿ ಎರಡು ಸಾಲಾಗಿ ನಿಂತು ತಾಸುಗಟ್ಟಲೆ ಹಗ್ಗ ಎಳೆದು, ಕೊನೆಗೆ ಬಲೆಯ ಚೀಲ ಬಿಚ್ಚಿದಾಗ ಒಂದು ಬುಟ್ಟಿಯೂ ತುಂಬದಿದ್ದರೆ, ಆ ಬುಟ್ಟಿಗಾಗಿ ಬೆಳಗಿನಿಂದ ಕಾದು ಕುಳಿತ ಹೆಂಗಸರು ಅಂದು ಮಾರಲು ಏನನ್ನು ಹೊತ್ತೊಯ್ಯಬೇಕು?